ಬೆಲೆ ಹೇಳಿದ ಮೇಲೆ ಬಾಯಿ ಬಿಡಬಾರದು

ಹುಣಸೆ ವ್ಯಾಪಾರವನ್ನು ನನಗೆ ಯಾರೂ ಕೂರಿಸಿಕೊಂಡು ಕಲಿಸಲಿಲ್ಲ. ಗುಡೇಕೋಟೆ ಕಡೆಯ ಹೊಲಗಳಲ್ಲಿ ಹಣ್ಣು ಇನ್ನೂ ಮರದಲ್ಲಿರುವಾಗಲೇ ಗುತ್ತಿಗೆ ಹಿಡಿಯುವುದು ನನ್ನ ಕಸುಬು. ಹೊಲದ ಯಜಮಾನನೂ ನಾನೂ ಮರವನ್ನು ಸುತ್ತು ಹಾಕುತ್ತೇವೆ. ನಾನೊಂದು ಬೆಲೆ ಹೇಳುತ್ತೇನೆ. ಹೇಳಿದವಳೇ ಮರದ ತುದಿ ನೋಡುತ್ತಾ ಸುಮ್ಮನೆ ನಿಂತುಬಿಡುತ್ತೇನೆ. ಆ ಮೌನ ತಡೆಯಲಾರದೆ ಮೊದಲು ಬಾಯಿ ಬಿಟ್ಟವರೇ ಸೋತಂತೆ. ಮಗಳಿಗೆ ಓದು ಕಲಿಸಿದ್ದೂ ಇದೇ ವಿದ್ಯೆಯಿಂದ ಎಂದರೆ ಕೆಲವರು ನಗುತ್ತಾರೆ. ನಗಲಿ. ಮನೆಯಲ್ಲೇ ಮಕ್ಕಳಿಗೆ ಕಲಿಸಬೇಕೆಂದು ಕೊಟ್ಟೂರಿನಿಂದ, ಹಡಗಲಿಯಿಂದ ನನ್ನನ್ನು ಕೇಳಲು ಬರುವ ತಾಯಂದಿರಿಗೆ ನಾನು ಮೊದಲು ಹೇಳುವುದು ಇದನ್ನೇ.

ನಾಲ್ಕನೆಯ ತರಗತಿ ಮುಗಿಯುತ್ತಾ ಬಂದರೂ ನನ್ನ ಹಿರಿಮಗಳಿಗೆ ಒಂದು ಸಾಲು ನೆಟ್ಟಗೆ ಓದಲು ಬರುತ್ತಿರಲಿಲ್ಲ. ಬೆಳಿಗ್ಗೆ ಚೀಲ ಹೆಗಲಿಗೇರಿದರೆ ಸಾಕು, ಹೊಟ್ಟೆನೋವು. ಭಾನುವಾರ ಮಾತ್ರ ಯಾವ ನೋವೂ ಇಲ್ಲ. ಒಂದು ವರ್ಷ ನಾನೇ ಮನೆಯಲ್ಲಿ ಕಲಿಸುತ್ತೇನೆ ಎಂದು ಹೇಳಲು ಅವಳನ್ನು ಕರೆದುಕೊಂಡು ಶಾಲೆಗೆ ಹೋದೆ. ನಮ್ಮೂರ ಶಾಲೆಯ ದೊಡ್ಡ ಟೀಚರು ಖಡಕ್ ಹೆಂಗಸು.

“ಕಲಿಸ್ರಿ, ನಾ ಬ್ಯಾಡ ಅನ್ನಂಗಿಲ್ಲ. ಮುಂದಿನ ವರ್ಷ ಜೂನಿಗೆ ಕರ್ಕಂಡು ಬರ್ರಿ. ನಾ ಕೊಟ್ಟ ಪಾಠ ಓದಿದ್ರ ಆರನೇತ್ತಿ, ತನ್ನ ವಾರಿಗಿ ಹುಡುಗ್ರ ಜೊತಿಗೆ. ಓದಲಿಲ್ಲ ಅಂದ್ರ ನಾಕನೇತ್ತಿಯಾಗ ತಂಗಿ ಬಾಜು ಕೂಡಬೇಕಾಕ್ಕತಿ.”

ಮಗಳು ನನ್ನ ಸೆರಗಿನ ಹಿಂದೆ ನಿಂತು ಕೇಳಿಸಿಕೊಂಡಳು. ಆ ಸಂಜೆ ಊಟಕ್ಕೆ ಕೂತಾಗ ತಂಗಿಯಿಂದ ದೂರ ಸರಿದು ಕೂತಳು. ವರ್ಷವಿಡೀ ಅವಳನ್ನು ಕಾಡಿದ್ದು ಆ ಒಂದೇ ಮಾತು: ತಂಗಿಯ ಪಕ್ಕ ಕೂರುವುದು.

ನಮ್ಮ ಅತ್ತೆ ಬಿಡುತ್ತಾರೆಯೇ? “ಏಳನೇತ್ತಿ ಓದಿದಾಕಿ ನೀನೇನು ಕಲಿಸ್ತಿ? ಹುಣಸಿಹಣ್ಣು ಬಡಿಯೋದು ಕಲಿಸ್ತಿ.”

“ಅದನ್ನೂ ಕಲಿಸ್ತೀನಿ ಅತ್ತಿ. ನಿಮ್ಮ ಕಡಿಂದ ಬೀಜ ಬಿಡಿಸೋದು ಕಲೀಲಿ, ನನ್ನ ಕಡಿಂದ ಅಕ್ಷರ ಬಿಡಿಸೋದು ಕಲೀಲಿ.”

ಬಾಯಲ್ಲಿ ಹೀಗೆ ಅಂದೆನೇ ಹೊರತು ಶುರುವಿನಲ್ಲಿ ನಾನು ಮಾಡಿದ್ದು ಪಡಸಾಲೆಯನ್ನೇ ಶಾಲೆ ಮಾಡುವ ಕೆಲಸ. ಗೋಡೆಗೆ ಕರಿಹಲಗೆ, ಪಕ್ಕದಲ್ಲಿ ವೇಳಾಪಟ್ಟಿ. ಹೊಟ್ಟೆನೋವು ಮನೆಯೊಳಗೇ ಬಂತು. ಅದಕ್ಕೇ ಹೇಳುತ್ತೇನೆ, ಶಾಲೆ ಬೇಡವೆಂದು ಮನೆಗೆ ಕರೆದುಕೊಂಡು ಬಂದ ಮಗುವಿನ ಮುಂದೆ ಮನೆಯನ್ನೇ ಶಾಲೆ ಮಾಡಿ ಇಡಬೇಡಿ. ಹಲಗೆ ಇಳಿಸಿ, ಅವಳನ್ನು ನನ್ನ ಜೊತೆ ವ್ಯಾಪಾರಕ್ಕೆ ಹೊರಡಿಸಿದೆ. ಬಸ್‌ಸ್ಟ್ಯಾಂಡಿನಲ್ಲಿ ಒಂದೇ ಕಟ್ಟಳೆ: ಬೋರ್ಡು ಓದುವವಳು ಅವಳು, ಅವಳು ಹೇಳಿದ ಬಸ್ಸು ಹತ್ತುವವಳು ನಾನು.

ಒಂದು ದಿನ ಹಗರಿಬೊಮ್ಮನಹಳ್ಳಿಗೆ ಹೋಗಬೇಕಿತ್ತು. “ಬಂತು ಬಾರವ್ವ, ಇದಾ ನಮ್ಮ ಬಸ್ಸು” ಎಂದು ಕೈ ಹಿಡಿದು ಎಳೆದಳು. ಕಟ್ಟಳೆಯಂತೆ ನಾನು ಬೋರ್ಡು ನೋಡದೆ ಹತ್ತಿದೆ. ಊರು ದಾಟಿದ ಮೇಲೆ ಆಧಾರ್ ಕಾರ್ಡು ತೋರಿಸಿ ಟಿಕೆಟ್ ಕೇಳಿದರೆ ಕಂಡಕ್ಟರು ನಕ್ಕ. “ಅಮ್ಮಾರೆ, ಇದು ಹರಪನಹಳ್ಳಿಗೆ ಹೊಕ್ಕತಿ. ಬೊಮ್ಮನಹಳ್ಳಿಗೆ ಹೋಗಂಗಿಲ್ಲ.”

ಮುಂದಿನ ಸ್ಟಾಪಿನಲ್ಲಿ ಇಳಿದು, ವಾಪಸ್ ಬಸ್ಸಿಗಾಗಿ ಬೇವಿನ ಮರದ ಕೆಳಗೆ ಕೂತೆವು. ಹುಡುಗಿ ಬೈಗುಳಕ್ಕೆ ಕಾಯುತ್ತಿತ್ತು. “ಹೆಂಗ ಓದಿದಿ?” ಎಂದು ಕೇಳಿ, ಮರದ ತುದಿ ನೋಡುತ್ತಾ ಸುಮ್ಮನಾದೆ. ಕುರಿಹಿಂಡೊಂದು ನಮ್ಮ ಮುಂದೆಯೇ ರಸ್ತೆ ದಾಟಿ ಹೋಯಿತು. ನಾನು ಬಾಯಿ ಬಿಡಲಿಲ್ಲ.

ಕೊನೆಗೆ ಅವಳೇ ಹೇಳಿದಳು. “ಮುಂದಿನ ಅಕ್ಷರ ನೋಡಿದೆ, ಹಿಂದಿಂದು ನೋಡಿದೆ. ನಡುವಿಂದು ಅಂದಾಜು ಮಾಡಿದೆ ಅವ್ವ. ಎಲ್ಲಾನೂ ಹಂಗಾ ಓದ್ತೀನಿ.”

ನನ್ನ ಮಗಳೇ ಸರಿ! ನಾನು ಮರಕ್ಕೆ ಬೆಲೆ ಕಟ್ಟುವಂತೆ ಅವಳು ಪದಕ್ಕೆ ಬೆಲೆ ಕಟ್ಟುತ್ತಿದ್ದಳು. ಇಷ್ಟು ವರ್ಷ ಯಾರಿಗೂ ಸಿಗದ ಗಂಟು ಒಂದು ಪ್ರಶ್ನೆ ಕೇಳಿ ಸುಮ್ಮನಿದ್ದುದಕ್ಕೆ ಸಿಕ್ಕಿತು. ಮನೆಗೆ ಬಂದವಳೇ ಒಂದು ಹುಣಸೆಹಣ್ಣು ಕೈಗೆ ಕೊಟ್ಟೆ. “ಸಿಪ್ಪಿ ನೋಡಿದ್ರ ಛಲೋ ಐತಿ. ಒಳಗ ಹುಳ ಅದಾವೋ ಇಲ್ಲೋ ಹೆಂಗ ಗೊತ್ತಾಕ್ಕತಿ?” ಅವಳು ಹಣ್ಣು ಮುರಿದಳು. ಅಂದಿನಿಂದ ಪದವನ್ನೂ ಮುರಿದೇ ನೋಡುವುದು. ಹೆಬ್ಬೆರಳಿನಿಂದ ಪದವನ್ನು ಮುಚ್ಚಿ, ಒಂದೊಂದೇ ಅಕ್ಷರ ಬಿಟ್ಟುಕೊಡುತ್ತಾ ಓದುವುದು. ಗೊಬ್ಬರದ ಚೀಲ, ಅಂಗಡಿ ಬೋರ್ಡು, ಮದುವೆ ಕರೆಯೋಲೆ, ಕೈಗೆ ಸಿಕ್ಕಿದ್ದೆಲ್ಲ ಪಾಠ.

ನಿಜವಾದ ಕಷ್ಟ ಮಗಳದ್ದಲ್ಲ, ಅತ್ತೆಯದು. ಮೊಮ್ಮಗಳು ತಡವರಿಸಿದರೆ ಅವರಿಗೆ ಕರುಳು ಚುರ್ ಎನ್ನುತ್ತಿತ್ತು. ತಾವು ಓದಿದವರಲ್ಲ, ಆದರೂ ಏನೋ ಒಂದು ಊಹಿಸಿ ಹೇಳಿಬಿಡುವರು. “ಅತ್ತಿ, ಆಕಿ ಓದೋ ಹೊತ್ತಿಗೆ ನಿಮ್ಮ ಬಾಯಾಗ ಎಲಿ-ಅಡಿಕಿ ಇರಲ್ರಿ” ಎಂದು ನಾನೇ ಮಡಚಿ ಕೊಡುತ್ತಿದ್ದೆ. ನಿಮ್ಮ ಮನೆಯಲ್ಲೂ ಅಂಥ ಕರುಳಿನವರಿದ್ದರೆ ಬಾಯಿಗೆ ಏನಾದರೂ ಕೊಟ್ಟಿರಿ. ಮಗು ತಡವರಿಸುತ್ತಿದೆ ಎಂದರೆ ಒಳಗೆ ಕೆಲಸ ನಡೆದಿದೆ ಎಂದು ಅರ್ಥ. ಆಗ ನಾವು ಉತ್ತರ ಹೇಳಿದರೆ ಆ ಕೆಲಸವನ್ನು ಅವರ ಕೈಯಿಂದ ಕಿತ್ತುಕೊಂಡಂತೆ.

ಜೂನ್ ಬಂತು. ನಮ್ಮ ಜೊತೆ ಶಾಲೆಗೆ ಅತ್ತೆಯೂ ಹೊರಟುನಿಂತರು. ದೊಡ್ಡ ಟೀಚರು ಪುಸ್ತಕ ತೆರೆದು ಒಂದು ಪುಟ ತೋರಿಸಿದರು. ಮಗಳು ನಿಧಾನವಾಗಿ, ತಪ್ಪಿಲ್ಲದೆ ಓದುತ್ತಾ ಹೋದಳು. ನಡುವೆ ಒಂದು ಉದ್ದನೆಯ ಪದ ಬಂತು. ನಿಂತಳು. ಹೆಬ್ಬೆರಳು ಅದರ ಮೇಲೆ ಬಂತು. ಅತ್ತೆಯ ತುಟಿ ಅಲುಗಿತು, ಮೊಣಕೈಯಿಂದ ತಿವಿದೆ. ಟೀಚರು ಹೇಳಿಕೊಡಲು ಬಗ್ಗಿದರು. ಬೇಡ ಎಂದು ತಲೆಯಾಡಿಸಿದೆ. ನನ್ನ ವ್ಯಾಪಾರದಲ್ಲಿ ಎಷ್ಟೋ ದೊಡ್ಡ ಮರಗಳ ಕೆಳಗೆ ಸುಮ್ಮನೆ ನಿಂತಿದ್ದೇನೆ. ಅಷ್ಟು ಭಾರದ ಮೌನವನ್ನು ಹೊತ್ತದ್ದಿಲ್ಲ.

ಹೆಬ್ಬೆರಳು ಸರಿಯಿತು. ಒಂದೊಂದೇ ಅಕ್ಷರ ಹೊರಬಂತು. ಆಮೇಲೆ ಇಡೀ ಪದವನ್ನು ಒಂದೇ ಉಸಿರಿಗೆ ಹೇಳಿ, ಪುಟ ಮುಗಿಸಿದಳು.

ಟೀಚರು ಪುಸ್ತಕ ಮುಚ್ಚಿದರು. ಹಾಜರಿ ಪುಸ್ತಕ ಎಳೆದುಕೊಂಡು ಹಾಳೆ ತಿರುವತೊಡಗಿದರು.

“ಟೀಚರ್, ನಾ ಯಾವ ಕ್ಲಾಸಿಗೆ ಹೋಗಿ ಕೂಡ್ಲಿ?” ಎಂದಳು ಮಗಳು. ಕೇಳಿ ಸುಮ್ಮನಾದಳು. ಕಿಟಕಿಯಾಚೆಯ ಮರದ ತುದಿಯನ್ನು ನೋಡುತ್ತಾ ನಿಂತಳು.

ಆ ನಿಲುವು ನನಗೆ ಗೊತ್ತಿಲ್ಲವೇ! ಟೀಚರು ನನ್ನ ಮುಖ ನೋಡಿದರು. ನಾನೂ ಮರದ ತುದಿ ನೋಡಿದೆ.

“ಹೋಗವಾ, ಆರನೇತ್ತಿಗೆ ಹೋಗಿ ಕೂಡು” ಎಂದರು ಟೀಚರು, ನಗು ತಡೆಯಲಾರದೆ.