ತೆಗೆಯದೇ ಬಿಟ್ಟ ಪ್ಲಾಸ್ಟಿಕ್

“ಇದನ್ನು ಯಾಕೆ ತೆಗೀಲಿಲ್ಲ ಮಾರಾಯ್ರೆ?”

ಮೂಡುಬಿದಿರೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ನಡೆಸುವ, ಊರವರೆಲ್ಲ ‘ಅಕ್ಕ’ ಎನ್ನುವ ಹೆಂಗಸು ನನ್ನ ಮುಂದೆ ಹಿಡಿದದ್ದು ತೆಳುವಾದ ಒಂದು ಪ್ಲಾಸ್ಟಿಕ್ ಹಾಳೆ.

ಬಿಡಿಭಾಗ ತರಿಸಿ ನಾನೇ ಜೋಡಿಸಿದ ಗೇಮಿಂಗ್ ಕಂಪ್ಯೂಟರ್ ಅದು. ಆಟ ಶುರುವಾಗಿ ಹತ್ತು ನಿಮಿಷಕ್ಕೆ ಚಿತ್ರ ತಡವರಿಸುತ್ತಿತ್ತು. ವಿಂಡೋಸ್ ಎರಡು ಸಲ ಹೊಸದಾಗಿ ಹಾಕಿದೆ, ರ‍್ಯಾಮ್ ಬದಲಿಸಿದೆ, ಕೊನೆಗೆ ಕರೆಂಟಿಗೂ ಬೈದೆ. ದೋಷ ಇದ್ದದ್ದು ಪ್ರೊಸೆಸರಿನ ಬಿಸಿ ಎಳೆಯುವ ಕೂಲರಿನ ತಳದಲ್ಲಿ. ಹೊಸ ಲೋಹಕ್ಕೆ ಗೀರು ಬೀಳಬಾರದೆಂದು ಅಲ್ಲಿ ಅಂಟಿದ್ದ ಹಾಳೆಯನ್ನು ನಾನು ಬೇಕೆಂದೇ ಉಳಿಸಿಕೊಂಡಿದ್ದೆ. ಬಿಸಿ ಹೊರಹೋಗದೆ ಪ್ರೊಸೆಸರ್ ತಾನೇ ನಿಧಾನವಾಗುತ್ತಿತ್ತು.

“ನಿಮ್ಮಲ್ಲಿ ಟಿವಿ ರಿಮೋಟಿಗೂ ಪ್ಲಾಸ್ಟಿಕ್ ಉಂಟಲ್ವಾ?” ಅಕ್ಕ ನಗದೆಯೇ ಕೇಳಿದರು.

ಉಂಟು. ರಿಮೋಟಿಗೆ ಮಾತ್ರವಲ್ಲ. ಸೌದಿಯ ದಮ್ಮಾಮಿನಲ್ಲಿ ದುಡಿಯುವ ತಂದೆ ಹನ್ನೊಂದು ವರ್ಷದ ಹಿಂದೆ ಬಟ್ಟೆಗಳ ನಡುವೆ ಜೋಪಾನವಾಗಿ ತಂದ ಆರು ಚಾ ಕಪ್ಪುಗಳು ಇನ್ನೂ ಕಪಾಟಿನೊಳಗೆ ಪ್ಲಾಸ್ಟಿಕ್ಕಿನಲ್ಲೇ ಇದ್ದವು. ಯಾರಾದರೂ ಬಂದರೆ ಬೇಕಾಗುತ್ತದೆ ಎಂದು ನನ್ನ ತಾಯಿ, ಉಮ್ಮ, ಎತ್ತಿಟ್ಟಿದ್ದರು. ಆ ವಾರ ರಜೆಯಲ್ಲಿ ಬಂದಿದ್ದ ತಂದೆ ಚಾ ಕುಡಿಯುತ್ತಿದ್ದದ್ದು ಸ್ಟೀಲ್ ಲೋಟದಲ್ಲಿ.

ಕಂಪ್ಯೂಟರ್ ಈಗ ತಡವರಿಸುವುದಿಲ್ಲ. ಆದರೆ ಅಂದು ಸಂಜೆ ನಾನು ಆಟಕ್ಕೆ ಕೂರಲಿಲ್ಲ. ಕಪಾಟು ತೆರೆದು ಆ ಪ್ಲಾಸ್ಟಿಕ್ ಹರಿದೆ, ಉಮ್ಮ ತಡೆಯಲಿಲ್ಲ. ಒಂದು ಕಪ್ಪಿನಲ್ಲಿ ಚಾ ಹಾಕಿ ತಂದೆಗೆ ಕೊಟ್ಟೆ. ತಂದೆ ಒಂದು ಗುಟುಕು ಕುಡಿದು, ಕಪ್ಪನ್ನು ಸುತ್ತ ತಿರುಗಿಸಿ ನೋಡಿ, “ಚಂದ ಉಂಟಲ್ಲ, ಎಲ್ಲಿಂದ ತಂದದ್ದು?” ಎಂದರು.