ಮೂರನೇ ಪಿಸ್ಟನ್ನಿನ ರಿಂಗುಗಳು

ಇಂಜಿನ್ ಬಿಚ್ಚಿ ಕಟ್ಟುವುದರಲ್ಲಿ ಆಂಡರ್ಸನ್‌ಪೇಟೆಯ ಆರುಮುಗಂ ಅವರನ್ನು ಮೀರಿಸುವವರಿಲ್ಲ ಎಂದು ಬಂಗಾರಪೇಟೆಯವರೆಗೂ ಮಾತಿತ್ತು. ಆ ಮಾತು ಕಿವಿಗೆ ಬಿದ್ದಾಗ ಒಳಗೊಳಗೇ ಬೀಗುವ ಸ್ವಭಾವವೂ ಅವರಿಗಿತ್ತು, ಸುಳ್ಳೇಕೆ. ಅಂಥವರು ಆ ಬೆಳಿಗ್ಗೆ ರಿಪೇರಿಗೆ ಬಂದಿದ್ದ ಗಿರಾಕಿ ಮುನೀಂದ್ರನ ಹಳೆಯ ಕಾರಿನ ಮುಂದೆ ಕೀಲಿ ಹಿಡಿದು ನಿಂತು, ಸ್ಟಾರ್ಟ್ ಮಾಡಲಾರದೆ ಬೆವರುತ್ತಿದ್ದರು.

ಇಂಜಿನ್ ಕಟ್ಟಿಯಾಗಿತ್ತು. ಮೂರು ಪಿಸ್ಟನ್ನು, ಒಂದೊಂದಕ್ಕೂ ಮೂರು ರಿಂಗು. ಪ್ರತಿ ರಿಂಗಿನಲ್ಲೂ ಬಳೆ ಒಂದು ಕಡೆ ಸೀಳಿದ ಹಾಗೆ ಸಣ್ಣ ಸಂದಿ ಇರುತ್ತದೆ. ಅವರು ಅದನ್ನು ಬಾಯಿ ಎನ್ನುತ್ತಿದ್ದರು. ಮೂರು ಬಾಯಿಯೂ ಒಂದೇ ನೇರಕ್ಕೆ ಬರಕೂಡದು. ಬಂದರೆ ಒತ್ತಡವೆಲ್ಲ ಆ ಸಂದಿಯಲ್ಲೇ ಸೋರಿ, ಆಯಿಲ್ ಸುಟ್ಟು, ಕಾರು ಹೊಗೆ ಉಗುಳುತ್ತದೆ. ಮೊದಲೆರಡು ಪಿಸ್ಟನ್ನುಗಳ ರಿಂಗು ತಿರುಗಿಸಿಟ್ಟದ್ದು ಅವರಿಗೆ ಕಣ್ಣಿಗೆ ಕಟ್ಟಿದಂತಿತ್ತು. ಮೂರನೆಯದನ್ನು ಹಾಕಿದ್ದು ಮಾತ್ರ ಎಷ್ಟು ತಲೆ ಕೆರೆದುಕೊಂಡರೂ ನೆನಪಿಗೆ ಬರಲೊಲ್ಲದು.

ಹೊಗೆಗೆ ಹೆದರುವ ಆಳಲ್ಲ ಅವರು. ಹೆದರಿದ್ದು ಅಪ್ಪನನ್ನು ನೆನೆದು. ಅಪ್ಪ ಪೆರುಮಾಳ್ ಕೋರಮಂಡಲ್ ಚಿನ್ನದ ಗಣಿಯಲ್ಲಿ ಜೀವ ತೇದವರು. ಗಣಿ ಮುಚ್ಚಿ ವರ್ಷಗಳಾದ ಮೇಲೆ ಅವರಿಗೆ ಮರೆವು ಕವಿಯಿತು. ಬೆಳಗಾದರೆ ಊಟದ ಡಬ್ಬಿ ಹಿಡಿದು ಗಣಿಯ ಗೇಟಿಗೆ ಹೋಗಿ, ಶಿಫ್ಟಿಗೆ ಹೊತ್ತಾಯಿತು, ಬಿಡಿ ಎಂದು ಬೀಗದೊಡನೆ ಗೋಗರೆಯುತ್ತಿದ್ದರು. ಕೊನೆಕೊನೆಗೆ, ಕರೆತರಲು ಹೋದ ಮಗನನ್ನೇ ಯಾರಪ್ಪ ನೀನು ಎಂದರು. ಅದೂ ಶುರುವಾದದ್ದು ಇಂಥ ಸಣ್ಣಪುಟ್ಟ ಮರೆವಿನಿಂದಲೇ. ಈಚೆಗೆ ಆರುಮುಗಂ ಕೂಡ ಮಾರಿಕುಪ್ಪಂನಲ್ಲಿ ರೈಲು ಹತ್ತಿ, ಯಾಕೆ ಹತ್ತಿದೆನೆಂದು ತಿಳಿಯದೆ ಕಂಗಾಲಾಗಿದ್ದರು. ಅದನ್ನು ಯಾರಿಗೂ ಹೇಳಿರಲಿಲ್ಲ.

ಕೀಲಿ ಜೇಬಿಗೆ ಹಾಕಿ ಸ್ಪ್ಯಾನರ್ ಎತ್ತಿಕೊಂಡರು. ಶೆಡ್ಡಿನ ಮೂಲೆಯಲ್ಲಿ ಸಾಮಾನು ತೊಳೆಯುತ್ತಿದ್ದ ಹೆಂಡತಿ ಸುಮಲತ ತಲೆಯೆತ್ತಿ ನೋಡಿದಳು. ಬಂಗಾರಪೇಟೆ ಕಡೆಯ ಹಳ್ಳಿಯವಳು. ಮದುವೆಯಾದಾಗಿನಿಂದ ಶೆಡ್ಡಿನ ಕೆಲಸದಲ್ಲಿ ಅವರಿಗೆ ಅವಳೇ ಬಲಗೈ.

"ಯಾಕೆ ಮತ್ತೆ ಬಿಚ್ತಾ ಇದೀರಾ?"

"ಒಂದು ಸಣ್ಣ ಡೌಟು," ಎಂದರು.

ಇಂಜಿನ್ನಿನ ಮೇಲಿನ ಮುಚ್ಚಳವಾದ ಹೆಡ್ ಬಿಚ್ಚಿ, ಕಾರಿನಡಿ ನುಸುಳಿ, ಮೂರನೇ ಪಿಸ್ಟನ್ನನ್ನು ಕೆಳಗಿನಿಂದ ಮೇಲಕ್ಕೆ ತಳ್ಳಿದರು. ಎದ್ದು ಬಂದು ನೋಡಿದರೆ ಮೂರು ಬಾಯಿಯೂ ಇಂಜಿನ್ನಿನ ಮುಂಭಾಗಕ್ಕೆ ತಿರುಗಿ, ಒಂದರ ಕೆಳಗೊಂದು ನೆಟ್ಟಗೆ ನಿಂತಿದ್ದವು. ಕಲಿಯುವ ದಿನಗಳಲ್ಲೂ ಇಂಥ ತಪ್ಪು ಮಾಡಿದವರಲ್ಲ. ಹಳೇ ಟೈರಿನ ಮೇಲೆ ಕುಸಿದು ಕೂತರು.

ಸುಮಲತ ಕೈ ಒರೆಸಿಕೊಳ್ಳುತ್ತಾ ಬಂದು ಬಗ್ಗಿ ನೋಡಿದಳು. "ಸರಿಯಾಗೇ ಆಕಿದೀನಲ್ಲ?"

"ನೀನಾ ಆಕಿದ್ದು?"

"ಊಂ ಮತ್ತೆ. ಎದುರಾ ಎದುರಾ ಇಡು ಅಂತ ನೀವೇ ಏಳಿದ್ರಲ್ಲ. ಅದ್ಕೆ ಎಲ್ಲಾನೂ ಎದುರಿಗೇ ಮಡಗಿದೆ."

ಆರುಮುಗಂ ನಕ್ಕುಬಿಟ್ಟರು. ಅವರ ತಮಿಳು ನಾಲಿಗೆಯಲ್ಲಿ ಎದುರಾ ಎಂದರೆ ಒಂದಕ್ಕೊಂದು ಎದುರು ದಿಕ್ಕಿಗೆ. ಅವಳ ಕಿವಿಗೆ ಅದು ಮುಂದುಗಡೆಗೆ ಎಂದಾಗಿತ್ತು. ತಪ್ಪು ಮಾತಿನದು, ತಲೆಯದಲ್ಲ. ಹೋದ ಜೀವ ಬಂದ ಹಾಗಾಯಿತು.

"ನಾನು ಯಾವಾಗ ಅಂಗಂದೆ?" ನಗುತ್ತಲೇ ಕೇಳಿದರು.

"ನಿನ್ನೆನೇ. ಕೈ ನಡುಗ್ತದೆ, ಮೂರನೇದು ನೀನೇ ಆಕು ಅಂದ್ರಿ. ನಾನು ಆಕೋ ತನಕ ಇಲ್ಲೇ ಪಕ್ಕದಲ್ಲಿ ಕೂತು ನೋಡ್ತಾ ಇದ್ರಿ. ಆಮೇಲೆ ಭೇಷ್ ಅಂದ್ರಿ."

ಅವರ ನಗು ನಿಂತಿತು. ಹಾಗೆ ಕೂತದ್ದು, ನೋಡಿದ್ದು, ಭೇಷ್ ಅಂದದ್ದು, ಒಂದೂ ಅವರೊಳಗೆ ಇರಲಿಲ್ಲ. ಬೇರೆ ಯಾರದೋ ಸಂಗತಿ ಕೇಳಿದ ಹಾಗಿತ್ತು.

"ಓ, ಔದಲ್ಲ," ಎಂದರು. "ಈಗ ಜ್ಞಾಪಕ ಬಂತು."

ಸುಮಲತ ಅವರ ಮುಖವನ್ನೇ ನೋಡಿದಳು. ಮಾವನ ಹಿಂದೆ ಗಣಿಯ ಗೇಟಿನವರೆಗೆ ಅವಳೂ ಓಡಿದವಳೇ. ಆಮೇಲೆ ಪಿಸ್ಟನ್ನನ್ನು ಹೊರಗೆತ್ತಿ ತಂದು ಅವರ ಮಡಿಲಿಗಿಟ್ಟು, ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತಳು.

"ಯಾವ ಬಾಯಿ ಯಾವ ಕಡೆಗೆ, ಸರಿಯಾಗಿ ತೋರಿಸ್ಕೊಡಿ," ಎಂದಳು. "ನಿಮಗೆ ಗೊತ್ತಿರೋದೆಲ್ಲ ಈಗ್ಲೇ ಕಲ್ಕೊಂಡುಬಿಡ್ತೀನಿ."