ಗೇಟಿನವನ ಕೊನೆಯ ಹನ್ನೆರಡು ಪುಟ

ಇಡೀ ಸಿರುಗುಪ್ಪದಲ್ಲಿ ಜರ್ಮನ್ ಬಲ್ಲವರು ಇಬ್ಬರೇ. ಒಬ್ಬ ಗುರುಸ್ವಾಮಿ, ಇನ್ನೊಬ್ಬಳು ನಾನು. ಇದರಲ್ಲಿ ಅರ್ಧ ಸುಳ್ಳು. ಯಾವ ಅರ್ಧ ಎಂದು ಕೇಳದೆ, ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳ ಮಾನ ಉಳಿಸಿ.

ಬೆಳಗ್ಗೆ ಐದೂವರೆ. ಅಕ್ಕಿ ಮಿಲ್ಲಿನಲ್ಲಿ ಗುರುಸ್ವಾಮಿ ಯಂತ್ರಕ್ಕೆ ಕಿವಿ ಇಟ್ಟು ನಿಂತಿದ್ದಾನೆ. ಬೇರಿಂಗಿಗೆ ಗ್ರೀಸ್ ತುಂಬುತ್ತಾನೆ, ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಾನೆ. ವಯಸ್ಸು ಅರವತ್ತನಾಲ್ಕು. ತಲೆಯ ಮೇಲೆ ಸದಾ ತೌಡಿನ ಪುಡಿ, ಕೂದಲು ನರೆತಿದೆಯೋ ಇಲ್ಲವೋ ದೇವರೇ ಬಲ್ಲ. ದಿನಕ್ಕೆ ಆರುನೂರು ಚೀಲ ಭತ್ತ ಅವನ ಕೈಕೆಳಗೆ ಅಕ್ಕಿಯಾಗುತ್ತದೆ. ಲಾರಿಗಳು ಬರಲು ಇನ್ನೂ ಒಂದು ಗಂಟೆ. ಅಷ್ಟರೊಳಗೆ ಖಾಲಿ ಚೀಲಗಳ ಮೇಲೆ ಕೂತು, ಹಳೆಯ ಕ್ಯಾಲೆಂಡರ್ ಹಾಳೆಯ ಬೆನ್ನಿಗೆ ಎಂಟು ಸಾಲು ಬರೆಯುತ್ತಾನೆ, ಇಲ್ಲವೇ ಬರೆದದ್ದನ್ನು ತಿದ್ದುತ್ತಾನೆ. ಹನ್ನೊಂದು ವರ್ಷದಿಂದ ಇದೇ ಕೆಲಸ.

ಬರೆಯುವುದು ಓಟ್ಟೊ ಬ್ರೆಂಕೆ ಎಂಬ, ಯಾವತ್ತೋ ತೀರಿಕೊಂಡ ಜರ್ಮನ್ ಕಾದಂಬರಿಕಾರನ ಪುಸ್ತಕವನ್ನು, ಕನ್ನಡದಲ್ಲಿ. ನಲವತ್ತು ವರ್ಷದ ಹಿಂದೆ ಮಿಲ್ಲಿಗೆ ಜರ್ಮನಿಯ ಯಂತ್ರ ಬಂತು. ಅದನ್ನು ಜೋಡಿಸಲು ಬಂದ ಫಿಟ್ಟರ್ ಹದಿನಾಲ್ಕು ತಿಂಗಳು ಇಲ್ಲೇ ಉಳಿದ. "ಮೊದ್ಲು ಸ್ಪ್ಯಾನರಿಗೆ ಏನಂತಾರ ಕಲ್ತೆ. ಆಮ್ಯಾಲೆ ಬೈಗುಳ. ಉಳಿದದ್ದು ತಾನಾ ಬಂತಕ್ಕ" ಎನ್ನುತ್ತಾನೆ ಗುರುಸ್ವಾಮಿ. ಫಿಟ್ಟರ್ ಹೋಗುವಾಗ ಒಂದು ನಿಘಂಟು, ಒಂದು ಕಾದಂಬರಿ ಬಿಟ್ಟುಹೋದ.

ಕಥೆ ಕಾಲುವೆಯ ಗೇಟು ಕಾಯುವವನದು. ಪ್ರವಾಹ ಏರುತ್ತಿದೆ. ಎಡಗೇಟು ಎತ್ತಿದರೆ ಎದುರು ದಂಡೆಯ ಹಳ್ಳಿ ಮುಳುಗುತ್ತದೆ, ಬಲಗೇಟು ಎತ್ತಿದರೆ ಅವನದೇ ಹಳ್ಳಿ, ಯಾವುದನ್ನೂ ಎತ್ತದಿದ್ದರೆ ದಂಡೆ ಒಡೆದು ಎರಡೂ. ಫೋನಿನ ತಂತಿ ಕಡಿದಿದೆ. ಎತ್ತು ಎನ್ನುವ ಸಾಹೇಬನಿಲ್ಲ, ಬೇಡ ಎನ್ನುವ ದೇವರೂ ಇಲ್ಲ. "ಮ್ಯಾಲಿಂದ ಯಾರೂ ಹೇಳಂಗಿಲ್ಲ. ನಾವಾ ಆರಿಸ್ಬೇಕು, ಆಮ್ಯಾಲೆ ನಾವಾ ಹೊರಬೇಕು. ಇಷ್ಟಾ ಬರ್ದಾರ ನೋಡು ಇಡೀ ಪುಸ್ತಕದಾಗ" ಎನ್ನುತ್ತಾನೆ. ಕಾಲುವೆ ನೀರಿಗಾಗಿ ಮೇಲಿನ ಊರು ಕೆಳಗಿನ ಊರು ಬೈದಾಡುವ ಸೀಮೆಯಲ್ಲಿ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆದರೆ ಕೊನೆಯ ಹನ್ನೆರಡು ಪುಟ ಇರಲಿಲ್ಲ. ತಪ್ಪು ಗುರುಸ್ವಾಮಿಯದೇ. ಫಿಟ್ಟರ್ ಹೋದ ವರ್ಷವೇ, ಇನ್ನೂ ಓದಿ ಮುಗಿಸುವ ಮೊದಲೇ, ಯಂತ್ರದ ಜೊತೆಗೆ ಬಂದದ್ದೆಂದು ಆಯುಧಪೂಜೆಯ ದಿನ ಪುಸ್ತಕವನ್ನೂ ಯಂತ್ರದ ಮೇಲಿಟ್ಟು ಕುಂಕುಮ ಹಚ್ಚಿದ. ದೀಪದ ಎಣ್ಣೆ ಚೆಲ್ಲಿತು. ಎಣ್ಣೆ ಕುಡಿದ ಪುಟಗಳನ್ನು ಮಿಲ್ಲಿನ ಇಲಿಗಳು ಪ್ರಸಾದ ಮಾಡಿಕೊಂಡವು.

ಈಗ ನನ್ನ ಸಂಕಟ ಕೇಳಿ. ಅಮಾವಾಸ್ಯೆಗೆ ಮಿಲ್ಲು ಬಂದ್. ಆ ದಿನ ಹಮಾಲರು, ಹೆಂಗಸರು ನನ್ನ ಕಟ್ಟೆಗೆ ಕಥೆ ಕೇಳಲು ಬರುತ್ತಿದ್ದರು. ಸಾವಿರ ಜನ, ಮೂವತ್ತು ಅಂದುಕೊಳ್ಳಿ. ಗುರುಸ್ವಾಮಿ ಮಿಲ್ಲಿನ ಅಂಗಳದಲ್ಲಿ ಜರ್ಮನ್ ಕಥೆ ಓದತೊಡಗಿದ ಮೇಲೆ ನನ್ನ ಕಟ್ಟೆಗೆ ನಾಯಿಯೂ ಬರಲಿಲ್ಲ. ನನ್ನ ಹೊಟ್ಟೆಯುರಿಯಲ್ಲಿ ಎರಡು ಲಾರಿ ಭತ್ತ ಕುದಿಸಬಹುದಿತ್ತು.

ಹೋದ ವರ್ಷ ಅವನ ಓದು ಇಲಿ ತಿಂದ ಪುಟಕ್ಕೆ ಬಂದು ನಿಂತಿತು. ಕೊನೆ ನನಗೆ ಗೊತ್ತು ಎಂದೆ. ಗೇಟಿನವನು ತನ್ನ ಹಳ್ಳಿಯ ಗೇಟನ್ನೇ ಎತ್ತಿದ, ಹೆಂಡತಿ ಮಾಳಿಗೆ ಮೇಲೆ ನಿಂತು ಕೈ ಬೀಸುತ್ತಲೇ ಮುಳುಗಿಹೋದಳು ಎಂದು ಕಟ್ಟಿದೆ. ಜನ ಮತ್ತೆ ನನ್ನ ಕಟ್ಟೆಗೆ ಬಂದರು. ಕುರುಗೋಡಿನ ಸಂತೆಯಲ್ಲಿ ಬಳೆ ಮಾರುವವಳೊಬ್ಬಳು ಅದೇ ಕೊನೆಯನ್ನು ನನಗೇ ಹೇಳಿ ಕಣ್ಣೊರೆಸಿಕೊಂಡಳು.

ಗುರುಸ್ವಾಮಿ ಮಾತ್ರ ಕೊನೆಯ ಪುಟಗಳನ್ನು ಕೇಳಿ ಬ್ರೆಂಕೆಯ ಊರಿಗೆ ಪತ್ರ ಬರೆಯುತ್ತಲೇ ಇದ್ದ. ಇಲ್ಲಿನ ಡಬ್ಬಿಯ ಮೇಲೆ ನಂಬಿಕೆಯಿಲ್ಲದೆ ಬಸ್ಸು ಹತ್ತಿ ಬಳ್ಳಾರಿಯ ದೊಡ್ಡ ಪೋಸ್ಟಾಫೀಸಿಗೆ ಹೋಗಿ ಹಾಕಿ ಬರುತ್ತಿದ್ದ. ಅಂಥವನು ಯಾರೂ ಇರಲಿಲ್ಲ ಎಂದು ಎರಡು ಸಲ ಉತ್ತರ ಬಂತು. ಮೂರನೆಯ ಪತ್ರ ಒಬ್ಬ ಲೈಬ್ರರಿಯವಳ ಕೈಸೇರಿತು. ಬ್ರೆಂಕೆ ಗಡಿಯಾರ ರಿಪೇರಿ ಮಾಡುತ್ತಿದ್ದ, ಗೋರಿಯ ಕಲ್ಲಿನ ಮೇಲೂ ಗಡಿಯಾರವೇ ಇದೆ ಎಂದು ಬರೆದಳು. ಜೊತೆಗೆ ಹನ್ನೆರಡು ಪುಟದ ಫೋಟೊ.

"ಅವರ ಊರಾಗ ಅವರು ಕಥಿ ಬರಿತಿದ್ರಂತ ಯಾರಿಗೂ ಗೊತ್ತಿಲ್ಲಕ್ಕ. ಸಿರುಗುಪ್ಪದ ಹಮಾಲರಿಗೆ ಗೊತ್ತೈತಿ" ಎನ್ನುತ್ತಾ, ಕನ್ನಡ ಮಾಡಿದ ಹಾಳೆಗಳೊಂದಿಗೆ ನನ್ನ ಕಟ್ಟೆಗೆ ಬಂದ.

"ನಂದಾ ಕೊನಿ ಐತಿ, ಹೌದಿಲ್ಲೋ?"

"ಇಲ್ಲ ಹಂಪಕ್ಕ. ಬ್ಯಾರೆ ಐತಿ."

"ಹಂಗಾದ್ರ ಅಂವಾ ತಪ್ಪು ಬರ್ದಾನ ಬಿಡು."

ನಕ್ಕ. "ನಿನ್ನ ಕೊನಿ ಕೇಳಿ ಮಂದಿ ಅತ್ತಾರ. ಅವರ ಮುಂದ ನಿನ್ನ ಸುಳ್ಳುಗಾರ್ತಿ ಮಾಡಾಕ ನನಗ ಮನಸಿಲ್ಲ. ನೀ ಬ್ಯಾಡ ಅಂದ್ರ ಪೆಟ್ಟಿಗ್ಯಾಗ ಇಡ್ತೀನಿ."

"ನಿನಗೇನು ಆಸಿ ಐತಲೇ?"

"ಒಂದ್ ಸಲ ಅವರು ಬರ್ದಂಗ ಮಂದಿಗೆ ಕೇಳಿಸ್ಬೇಕಂತ. ಅಷ್ಟಾ. ಆದ್ರ ಹೂಂ, ಬ್ಯಾಡ ಹೇಳಾಕಿ ನೀ."

ಹಾಳೆಗಳನ್ನು ನನ್ನ ಮಡಿಲಲ್ಲಿಟ್ಟು ಮಿಲ್ಲಿಗೆ ಹೋದ. ಕಟ್ಟೆಯ ಮೇಲೆ ನಾನೊಬ್ಬಳೇ. ಎತ್ತು ಎನ್ನುವವರಿಲ್ಲ, ಬೇಡ ಎನ್ನುವವರಿಲ್ಲ.

ಮೊನ್ನೆ ಅಮಾವಾಸ್ಯೆಗೆ ಮಿಲ್ಲಿನ ಅಂಗಳದಲ್ಲಿ ಹತ್ತು ಸಾವಿರ ಜನ, ಅರವತ್ತು ಅಂದುಕೊಳ್ಳಿ. ಗುರುಸ್ವಾಮಿ ತಲೆಯ ತೌಡು ಕೊಡವಿಕೊಂಡು ನಡುವೆ ಎದ್ದು ನಿಂತ. ಅವನ ಕೈಯಲ್ಲಿ ನಾನು ಮರಳಿ ಕೊಟ್ಟ ಹಾಳೆ ಇತ್ತೋ, ಬರಿಗೈಯೋ? ನಾನು ಎಂಥವಳು ಎಂದು ಇಷ್ಟು ಹೊತ್ತಿಗೆ ಗೊತ್ತಾಗಿರಬೇಕಲ್ಲ, ನೀವೇ ಹೇಳಿ.